ಅರಿಶಿಣ ಹಚ್ಚಿದ ಲಿನಕ್ಸ್ ಪತ್ರಿಕೆ

ಬೆಳಿಗ್ಗೆ ಆರು ಗಂಟೆ. ಬಳ್ಳಾರಿಯ ಗಾಂಧಿನಗರದ ಓಣಿಯೊಂದರಲ್ಲಿ ಮುದ್ರಣಾಲಯದ ಶಟರ್ ಅರ್ಧ ಮೇಲೇರಿದೆ. ಹೈದರಸಾಬ ಕಂಪ್ಯೂಟರಿಗೆ ಹೊದಿಸಿದ್ದ ಹಳೆಯ ಲುಂಗಿಯನ್ನು ಹೊರಗೆ ತಂದು ಝಾಡಿಸುತ್ತಾರೆ. ಕೆಂಪು ದೂಳು ಏಳುತ್ತದೆ. ಅದಿರು ಲಾರಿಗಳು ಊರಿಗೆಲ್ಲ ಪುಕ್ಕಟೆಯಾಗಿ ಹಂಚುವ ಮಾಲು ಇದೊಂದೇ.

"ಗಣಿ ನಮಗ ಕೊಟ್ಟಿದ್ದು ಇಷ್ಟ ನೋಡ್ರಿ" ಎನ್ನುತ್ತಾರೆ. ಮತ್ತೆ ತಾವೇ ತಿದ್ದಿಕೊಳ್ಳುತ್ತಾರೆ: "ಇಲ್ಲ, ಸುಳ್ಳು ಹೇಳಬಾರದು. ಲಗ್ನಪತ್ರಿಕಿ ಕೆಲಸಾನೂ ಕೊಟ್ಟೈತಿ."

ಅದು ನಿಜ. ಅದಿರಿಗೆ ಬೆಲೆ ಬಂದ ಮೇಲೆ ಈ ಊರಿನ ಲಗ್ನಪತ್ರಿಕೆಗಳಿಗೆ ಮೈ ಬಂದಿದೆ. ರೇಷ್ಮೆ ಹೊದ್ದವು, ತೆರೆದರೆ ಹಾಡುವವು, ಒಳಗೆ ಸಿ.ಡಿ. ಇಟ್ಟವು. ಕೆಲವನ್ನು ಹಂಚಲು ಜೀಪೇ ಬೇಕು. ಐವತ್ತು ದಾಟಿದ ಹೈದರಸಾಬ ವಾರದ ಆರು ದಿನ ಇವುಗಳ ಅಕ್ಷರ ಜೋಡಿಸುತ್ತಾರೆ. ಏಳನೆಯ ದಿನ ಸಂಪಾದಕರಾಗುತ್ತಾರೆ. ಪತ್ರಿಕೆಯ ಹೆಸರು 'ನಮ್ಮ ಕಂಪ್ಯೂಟರ್'. ಕೊಳ್ಳಬೇಕಿಲ್ಲದ, ಕದಿಯಬೇಕಿಲ್ಲದ, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಕಂಪ್ಯೂಟರ್ ನಡೆಸುವುದು ಹೇಗೆಂದು ಅದು ಕನ್ನಡದಲ್ಲಿ ಹೇಳುತ್ತದೆ.

ಈ ಹುಚ್ಚು ಹಿಡಿದದ್ದು ವೈರಸ್ಸಿನಿಂದ. ಸೀಸದ ಅಚ್ಚಿನ ಮೊಳೆ ಜೋಡಿಸುತ್ತ ಬೆಳೆದ ಕೈ ಇವರದು. ಮೊಳೆಗಳು ಗುಜರಿ ಸೇರಿದ ಮೇಲೆ ಕಂಪ್ಯೂಟರ್ ಕಲಿತರು. ಒಂದು ದಿನ ಹೆಣ್ಣಿನ ತಂದೆ ಎದುರಿಗೆ ಕುಳಿತು ಹೆಸರು ತಿದ್ದಿಸುತ್ತಿರುವಾಗಲೇ ಯಾರದೋ ಪೆನ್‌ಡ್ರೈವಿನಿಂದ ಬಂದ ವೈರಸ್ ಇಡೀ ಲಗ್ನಪತ್ರಿಕೆಯನ್ನು ನುಂಗಿತು. ಅಪಶಕುನವೆಂದು ಆ ಮನುಷ್ಯ ಅಲ್ಲೇ ಅಳಲು ಕುಳಿತರು.

"ತಪ್ಪು ನಮ್ದ ರೀ. ಎಲ್ಲಾ ಕದ್ದ ಸಾಫ್ಟ್‌ವೇರು. ಅದರಾಗ ಕುಂತು ಮ್ಯಾಲೆ ಗಣಪತಿ ಚಿತ್ರ ಹಾಕಿ 'ಶ್ರೀ' ಅಂತ ಬರೀತಿದ್ವಿ. ಗಣಪತಿ ಎಷ್ಟು ದಿನ ಸುಮ್ಮನಿರ್ತಾನ?" ಎನ್ನುತ್ತಾರೆ ಹೈದರಸಾಬ.

ಕಂಪ್ಯೂಟರ್ ರಿಪೇರಿಯ ಅಶ್ಫಾಕ್ ಅಂದು ತಂದು ಹಾಕಿದ್ದೇ ಲಿನಕ್ಸ್. ಕಲಿಯಲು ಹೋದರೆ ಎಲ್ಲವೂ ಇಂಗ್ಲಿಷಿನಲ್ಲಿತ್ತು. ಸಿರುಗುಪ್ಪ, ಕುರುಗೋಡಿನ ಝೆರಾಕ್ಸ್ ಅಂಗಡಿಯವರಿಗೆ ಇದನ್ನು ಹೇಳುವವರು ಯಾರೆಂಬ ಚಿಂತೆ ಹೈದರಸಾಬರಿಗೆ ಹತ್ತಿತು. ಹೀಗೆ ಹುಟ್ಟಿದ್ದು ಬಳಸುವವರೇ ಬರೆಯುವ ಪತ್ರಿಕೆ. ಸದ್ಯಕ್ಕೆ ಬರೆಯುವವರು ಇಬ್ಬರು. ಅದರಲ್ಲಿ ಅಶ್ಫಾಕ್ ಮೂರು ಹೆಸರಿನಲ್ಲಿ ಬರೆಯುತ್ತಾರೆ.

ಬರೆಯುವವರಾದರೂ ಇದ್ದಾರೆ, ಓದುವವರದೇ ಪತ್ತೆ ಇರಲಿಲ್ಲ. ಮೊದಲ ಸಂಚಿಕೆಯ ಪುಟಗಳು ಮಿರ್ಚಿ ಅಂಗಡಿಯಲ್ಲಿ ಎಣ್ಣೆ ಕುಡಿದು ಎದುರಾದವು. ಎರಡನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಭಾನುವಾರ ಮಷೀನು ಬಿಟ್ಟುಕೊಡುವ ಮುದ್ರಣಾಲಯದ ಮಾಲೀಕ ಮೈಲಾರಲಿಂಗಪ್ಪನವರು ಕೊನೆಗೆ ಕಡ್ಡಿ ಮುರಿದಂತೆ ಹೇಳಿದರು: "ಹೈದರಸಾಬ, ಇದನ್ನ ಓದಿದವರನ್ನ ಒಬ್ಬರನ್ನ ತೋರ್ಸು. ಭಾನುವಾರ ಕಾಯಂ ನಿಂದ. ಇಲ್ಲಂದ್ರ ಬಿಟ್ಟುಬಿಡು."

ಹೈದರಸಾಬ ಮೂರನೆಯ ಸಂಚಿಕೆಗೆ ಜೀವ ತೇಯ್ದರು. ಒಳಗೆ ಲಿನಕ್ಸ್ ಸಿ.ಡಿ. ಅಂಟಿಸಿದರು. ಹಿಂದಿನ ರಕ್ಷಾಪುಟದಲ್ಲಿ ಸಿರುಗುಪ್ಪದ ಸಮುದಾಯ ಭವನದಲ್ಲಿ ಶಿಬಿರವೆಂದೂ, ಕಂಪ್ಯೂಟರ್ ತಂದರೆ ಲಿನಕ್ಸ್ ಹಾಕಿಕೊಡುವುದಾಗಿಯೂ, ಊಟದ ವ್ಯವಸ್ಥೆ ಇದೆಯೆಂದೂ ಅಚ್ಚು ಹಾಕಿದರು. ಅಚ್ಚಾದ ಕಟ್ಟುಗಳು ಕಣ್ತಪ್ಪಿ ಹೋದದ್ದು ಪಕ್ಕೀರಮ್ಮನ ಮುಂದಕ್ಕೆ.

ಪಕ್ಕೀರಮ್ಮ ಇಲ್ಲಿ ಲಗ್ನಪತ್ರಿಕೆಗಳ ಮೂಲೆಗೆ ಅರಿಶಿಣ ಹಚ್ಚುವ ಹೆಂಗಸು. ಸಾವಿರಗಟ್ಟಲೆ ಪತ್ರಿಕೆ ಹಂಚುವ ದೊಡ್ಡವರಿಗೆ ತಾವೇ ಹಚ್ಚಲು ಪುರುಸೊತ್ತಿಲ್ಲ. "ನನಗ ಓದಾಕ ಬರಂಗಿಲ್ರಿ. ಹೊಸಾ ಕಾಗದ, ಒಳಗ ಸೀಡಿ. ಊಟ ಐತಿ ಅಂತನೂ ಹೈದರಣ್ಣ ಮಾತಾಡ್ತಿದ್ದ. ಲಗ್ನಪತ್ರಿಕಿ ಅಲ್ದ ಮತ್ತೇನದು? ಹಚ್ಚಿದೆ" ಎನ್ನುತ್ತಾರೆ ಅವರು. ಒಂದು ಪ್ರತಿಯ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ಮತ್ತೆ ಅಚ್ಚು ಹಾಕಲು ಕಾಗದವಿರಲಿಲ್ಲ. ಬಣ್ಣವೆಂದುಕೊಳ್ಳಲಿ ಬಿಡು ಎಂದು ಹೈದರಸಾಬ ಮತ್ತು ಅಶ್ಫಾಕ್ ಟಿವಿಎಸ್ ಹತ್ತಿ ಹಂಚಲು ಹೊರಟರು. ಕುರುಗೋಡಿನಲ್ಲಿ ಲಾರಿ ಬಿಡಿಭಾಗ ಮಾರುವ ಎರ್ರಣ್ಣ ಗ್ರೀಸಿನ ಕೈ ತೊಳೆದುಕೊಂಡು ಬಂದು ಎರಡೂ ಕೈಯಿಂದ ತೆಗೆದುಕೊಂಡು, "ಮನಿ ಮಂದಿ ಎಲ್ಲಾ ಬರ್ತೀವಿ, ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದರು. ಎಲ್ಲ ಕಡೆಯೂ ಅದೇ ಮರ್ಯಾದೆ. ಕುರುಗೋಡು ಲಿನಕ್ಸಿಗಾಗಿ ಇಷ್ಟು ಹಸಿದಿತ್ತೆಂದು ಗೊತ್ತೇ ಇರಲಿಲ್ಲವಲ್ಲ ಎಂದು ಹೈದರಸಾಬ ದಾರಿಯುದ್ದಕ್ಕೂ ಹಿಗ್ಗಿದರು.

ಶಿಬಿರದ ದಿನ ಸಿರುಗುಪ್ಪದ ಭವನ ತುಂಬಿತು. ಜರಿಸೀರೆ, ಮಲ್ಲಿಗೆ, ಇಸ್ತ್ರಿ ಅಂಗಿ, ಕೈಯಲ್ಲಿ ಮುಯ್ಯಿ. ಸ್ಟೀಲ್ ಡಬ್ಬಿಗಳು, ಲೋಟಗಳು, ಒಂದು ಗೋಡೆ ಗಡಿಯಾರ. ಅರಿಶಿಣ ಹಚ್ಚಿದ ಪತ್ರಿಕೆಯನ್ನು ಮನೆಗೇ ಬಂದು ಕೊಟ್ಟ ಮೇಲೆ ಹೋಗದಿರುವುದುಂಟೇ? ಎರ್ರಣ್ಣ ಮಾತ್ರ ಅಶ್ಫಾಕರನ್ನು ಪಕ್ಕಕ್ಕೆ ಕರೆದು ಕೇಳಿದರು: "ಹುಡುಗನ ಹೆಸರು ಲಿನಕ್ಸ್ ಅಂತ ತಿಳೀತು. ಹುಡುಗಿ ಕಡಿಯವರು ಯಾರು? ಸೀಡಿ ಹಾಕಿದ್ರ ಟೀವ್ಯಾಗ ಏನೂ ಬರಲಿಲ್ಲ."

ಇಪ್ಪತ್ತು ಮಂದಿಗೆಂದು ಮಾಡಿಸಿದ್ದ ಮಂಡಕ್ಕಿ ಒಗ್ಗರಣೆ ಬಾಗಿಲಲ್ಲೇ ಮುಗಿಯಿತು. ಹೋಳಿಗೆ ನೆನೆಸಿಕೊಂಡು ಬಂದವರ ಮುಖ ನೋಡಲಾಗದೆ ಹೈದರಸಾಬ ಮೈಕು ಹಿಡಿದು, ಇದು ಮದುವೆಯಲ್ಲ, ಕಂಪ್ಯೂಟರಿನ ಕಾರ್ಯಕ್ರಮ, ತಪ್ಪಾಯಿತು ಎಂದು ಕೈಮುಗಿದರು. ಇಷ್ಟು ಜನರಲ್ಲಿ ಕಂಪ್ಯೂಟರ್ ತಂದವರು ಒಬ್ಬರೂ ಇರಲಿಲ್ಲ.

ಆಗ ಎದ್ದವರು ಸಿರಿಗೇರಿಯ ಗಿಡ್ಡಮ್ಮ. ಝೆರಾಕ್ಸ್ ಅಂಗಡಿ ಇಟ್ಟಿರುವ ಹೆಂಗಸು. "ನಮ್ಮದೊಂದು ಸತ್ತು ಬಿದ್ದೈತಿ. ತರ್ಲೇನ್ರಿ?" ಎಂದು ಬಸ್ಸು ಹತ್ತಿ ಹೋದರು. ಮುಯ್ಯಿ ಕೊಡದೆ ಏಳಬಾರದೆಂದು ಉಳಿದವರೂ ಕಾದರು. ಸೆರಗು ಸುತ್ತಿದ ಕಂಪ್ಯೂಟರ್ ಪೆಟ್ಟಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಆಕೆ ಬಂದಾಗ ಜನ ದಾರಿ ಬಿಟ್ಟರು. ಅಶ್ಫಾಕ್ ಸಿ.ಡಿ. ಹಾಕಿದ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತುಂಬುವುದನ್ನು ಇಡೀ ಸಭೆ ಉಸಿರು ಹಿಡಿದು ನೋಡಿತು. ಪರದೆ ಬೆಳಗಿ ಕನ್ನಡ ಮೂಡಿತು. ಮುದುಕಿಯೊಬ್ಬರು ಮನೆಯಿಂದ ತಂದಿದ್ದ ಅಕ್ಷತೆ ಎಸೆದೇಬಿಟ್ಟರು. ಕಾಳು ಒಳಗೆ ಬೀಳದಂತೆ ಹೈದರಸಾಬ ಕೀಬೋರ್ಡಿಗೆ ಮೈಯೊಡ್ಡಿದರು.

ಕೊಟ್ಟ ಮುಯ್ಯಿಯನ್ನು ಯಾರೂ ವಾಪಸ್ ಒಯ್ಯಲಿಲ್ಲ. ಆದರೆ ಮೈಲಾರಲಿಂಗಪ್ಪನವರ ಶರತ್ತು ಹಾಗೇ ಉಳಿಯಿತು. ಪತ್ರಿಕೆ ಓದಿದಿರಾ ಎಂದು ಗಿಡ್ಡಮ್ಮನನ್ನು ಕೇಳಿದರೆ, "ಲಗ್ನಪತ್ರಿಕಿ ಯಾರ್ ಓದ್ತಾರ್ರಿ? ತಾರೀಕು ನೋಡ್ತೀವಿ" ಎಂದಿದ್ದರು.

ಹೈದರಸಾಬ ನನಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೈಲಾರಲಿಂಗಪ್ಪನವರೇ ಒಳಗೆ ಬರುತ್ತಾರೆ. ಗಣಿ ಧಣಿಯೊಬ್ಬರ ಮಗನ ಹುಟ್ಟುಹಬ್ಬದ ಪೋಸ್ಟರು ಬಂದಿದೆ, ಭಾನುವಾರ ಮಷೀನು ಬೇಕು. "ಬ್ಯಾಸರ ಮಾಡ್ಕೋಬ್ಯಾಡೋ" ಎನ್ನುತ್ತಾರೆ, ತಮಗೇ ಬೇಸರವಾದ ದನಿಯಲ್ಲಿ. ಹೈದರಸಾಬ ತಲೆಯಾಡಿಸುತ್ತಾರೆ.

ಆಗಲೇ ಹೈದರಸಾಬರ ಫೋನು ಬಡಿದುಕೊಳ್ಳುತ್ತದೆ. ಚೀನಾ ಸೆಟ್ಟು, ಕಿವಿಗಿಟ್ಟರೂ ಓಣಿಗೆಲ್ಲ ಕೇಳಿಸುತ್ತದೆ. ಗಿಡ್ಡಮ್ಮನ ದನಿ, ಸಿಟ್ಟಿನಲ್ಲಿದೆ.

"ಹೈದರಣ್ಣ, ಪಕ್ಕದ ಅಂಗಡಿಯವರ ಕಂಪ್ಯೂಟರಿಗೆ ಹಾಕಾಕ ಕುಂತೀನಿ, ನಿಮ್ಮ ಪತ್ರಿಕಿ ಮುಂದಿಟ್ಟುಕೊಂಡು. ಆರನೇ ಪುಟದಾಗ ಮೊದಲು ಸೀಡಿ ತೆಗೀರಿ, ಆಮ್ಯಾಲೆ ಪಟ್ಟಿ ತುಂಬೋ ತನಕ ಕಾಯ್ರಿ ಅಂತ ಬರದೀರಿ. ತೆಗೆದ ಮ್ಯಾಲೆ ಎಲ್ಲಿಂದ ತುಂಬಬೇಕು? ಯಾರು ಬರದೋರು ಇದನ್ನ?"

ಬರೆದವರು ಸ್ವತಃ ಸಂಪಾದಕರು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ, ಬಾಯಿ ಕಿವಿಯವರೆಗೆ ಅರಳಿದೆ. ಮೈಲಾರಲಿಂಗಪ್ಪನವರು ಫೋನನ್ನೂ ಇವರನ್ನೂ ನೋಡಿ, ಪೋಸ್ಟರಿನ ಕಾಗದವನ್ನು ಮಡಚಿ ಜೇಬಿಗಿಟ್ಟು, "ಸೋಮವಾರ ಹಾಕಿದ್ರಾತು" ಎನ್ನುತ್ತಾರೆ.

ಹೈದರಸಾಬರಿಗೆ ಅದು ಕೇಳಿಸಿದಂತಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

"ಹೌದವ್ವಾ, ತಪ್ಪು ನಂದ. ಏಳನೇ ಪುಟ ನೋಡಿಲ್ಲೇನು? ಅಲ್ಲೂ ಒಂದು ಐತಿ. ನಾ ಹೇಳಂಗಿಲ್ಲ, ನೀನ ಹುಡುಕು."