ಹೊಗೆಮನೆಯಲ್ಲಿಟ್ಟ ಲ್ಯಾಪ್‌ಟಾಪ್

ತಂಗಿಯ ಗಂಡ ಮಸ್ಕತ್‌ನಲ್ಲಿದ್ದಾರೆ. ಈ ಮಳೆಗಾಲ ಅವಳೂ ಅಲ್ಲಿಗೆ ಹೋದಳು. ಕಬಕದ ಅವಳ ಮನೆಗೆ ಬೀಗ. ಮದುವೆಯ ಆಮಂತ್ರಣ ಕಾಗದಗಳನ್ನು ಕಂಪ್ಯೂಟರಿನಲ್ಲಿ ಚಂದ ಮಾಡಿ ಕೊಡುವುದು ಅವಳ ದುಡಿಮೆ. ಅಷ್ಟು ವರ್ಷದ ಕೆಲಸವೆಲ್ಲ ಒಂದು ಲ್ಯಾಪ್‌ಟಾಪಿನೊಳಗೆ. ಅಲ್ಲಿ ಕೆಲಸ ಮುಟ್ಟುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳಂತೆ. ಹಾಗಾಗಿ ಲ್ಯಾಪ್‌ಟಾಪನ್ನು ಕೋಡಿಂಬಾಳದ ನಮ್ಮ ಮನೆಗೆ ತಂದು ನನ್ನ ಕೈಗಿಟ್ಟಳು.

“ಅಕ್ಕ, ಕಪಾಟಿನಲ್ಲಿಡು, ಮೇಲೆ ಎಂತದೂ ಹೇರಬೇಡ. ಆಗಾಗ ತೆಗೆದು ಆನ್ ಮಾಡು. ಅರ್ಧ ಚಾರ್ಜ್ ಮಾಡಿ ಇಡು. ಗೊತ್ತಾಯ್ತಾ?”

“ಆಯ್ತು ಮಾರಾಯ್ತಿ, ನಾನೆಂತ ಮಗುವಾ?”

ಗೊತ್ತಾಗಿರಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ತಂಗಿಯ ಹತ್ತಿರ ಇನ್ನೊಮ್ಮೆ ಕೇಳಲು ನಾಚಿಕೆಯಾಯಿತು.

ಒಂದು ಸಲವೂ ಆನ್ ಮಾಡಲಿಲ್ಲ. ಮಳೆ ಜೋರಾದ ಆಟಿ ತಿಂಗಳಲ್ಲಿ ಕಪಾಟು ತೆರೆದರೆ ಚೀಲದ ಮೇಲೆ ಬಿಳಿ ಬೂಷ್ಟು. ಬೂಷ್ಟಿಗೆ ನನಗೆ ಗೊತ್ತಿರುವ ಮದ್ದು ಹೊಗೆ. ರಬ್ಬರ್ ಶೀಟು ಒಣಗಿಸುವ ನಮ್ಮ ಹೊಗೆಮನೆಯಲ್ಲಿ, ಮೇಲಿನ ಅಡ್ಡಮರಕ್ಕೆ ತರಕಾರಿ ಬೀಜದ ಗಂಟನ್ನೂ ಕಟ್ಟಿಡುತ್ತೇನೆ. ಒಂದು ಬೀಜ ಹಾಳಾದದ್ದಿಲ್ಲ. ಲ್ಯಾಪ್‌ಟಾಪನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅದರ ಪಕ್ಕವೇ ಕಟ್ಟಿದೆ. ಬುದ್ಧಿವಂತಿಕೆ ಮಾಡಿದೆನೆಂದು ಸಮಾಧಾನವೂ ಆಯಿತು.

ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ, “ನೀನು ಹೇಳಿದ ಹಾಗೆಯೇ ಮಾಡ್ತಾ ಇದ್ದೇನೆ, ಚಂದ ಉಂಟು” ಎನ್ನುತ್ತಿದ್ದೆ. ಹೊಗೆಮನೆಯಲ್ಲಿ ಇಟ್ಟದ್ದಾದರೂ ನನಗೆ ತಿಳಿಯದೆ ಮಾಡಿದ್ದು. ಈ ಸುಳ್ಳಿಗೆ ಅಂಥ ನೆಪವೂ ಇಲ್ಲ.

ಅವಳು ಬರುವ ವಾರ ಗಂಟು ಬಿಚ್ಚಿದರೆ ಅದರ ಹೊಟ್ಟೆ ಉಬ್ಬಿತ್ತು, ಮುಚ್ಚಳ ಕೂರುತ್ತಿರಲಿಲ್ಲ. ಪುತ್ತೂರಿನ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯವನು ಮೂಸಿ ನೋಡಿದ.

“ಎಂತ ಅಕ್ಕ, ಒಣಮೀನು ಮಾಡ್ಲಿಕ್ಕೆ ಹೊರಟದ್ದಾ?”

ಬಿಸಿಗೆ ಬ್ಯಾಟರಿ ಉಬ್ಬಿದೆ, ಬೆಂಕಿ ಹಿಡಿಯದ್ದೇ ಪುಣ್ಯ ಎಂದ. ಒಳಗಿರುವ ತಂಗಿಯ ಕೆಲಸ ಉಳಿದಿದೆಯೋ ಇಲ್ಲವೋ ಬಿಚ್ಚಿಯೇ ನೋಡಬೇಕು. ನನ್ನ ಮುಖ ಕಂಡು ಪಾಪ ಅನಿಸಿರಬೇಕು. “ಹಳತಾದ್ರೆ ಬ್ಯಾಟರಿ ತನ್ನಷ್ಟಕ್ಕೆ ಉಬ್ಬುದುಂಟು. ಹಾಗೇ ಹೇಳಿ ಬಿಡಿ. ಯಾರಿಗೆ ಗೊತ್ತಾಗ್ತದೆ?” ಎಂದ.

ಅಂಗಡಿಯ ಮೆಟ್ಟಿಲಲ್ಲೇ ನಿಂತು ತಂಗಿಗೆ ಫೋನ್ ಮಾಡಿದೆ. ಹೊಗೆಮನೆ, ಒಮ್ಮೆಯೂ ಆನ್ ಮಾಡದ್ದು, ಹೇಳಿದ ಸುಳ್ಳು, ಎಲ್ಲ ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಮಾತು ಹೊರಡುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ.

“ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ನೆರೆಮನೆಯಲ್ಲಿ ಕೊಟ್ಟು ಹೋಗ್ತಿದ್ದೆ!” ಎಂದವಳು ಫೋನ್ ಇಟ್ಟಳು.

ಪುಣ್ಯಕ್ಕೆ ಒಳಗಿನದ್ದೆಲ್ಲ ಉಳಿದಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ತಂಗಿ ಊರಿಗೆ ಬಂದದ್ದು ಬೇರೆಯವರಿಂದ ತಿಳಿಯಿತು. ನಾನೇ ಕಬಕಕ್ಕೆ ಹೋದೆ. ಬಾಗಿಲಲ್ಲೇ ಚೀಲ ತೆಗೆದುಕೊಂಡಳು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತನ್ನ ಕಾಗದಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು. ನನ್ನತ್ತ ತಿರುಗಲಿಲ್ಲ, ಕುಳಿತುಕೋ ಎನ್ನಲೂ ಇಲ್ಲ.

ನಾನೇ ಕುಳಿತೆ. ಅವಳು ಬಾಯಿ ತುಂಬ ಬಯ್ಯುವವರೆಗೆ ಏಳುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ.