ಗಾಳಿಯ ಮೇಲೆ ನಿಂತ ತಾಳಿ

ಅಕ್ಕಿ ಗಿರಣಿಯ ಕಲ್ಲು ತೆಗೆಯುವ ಯಂತ್ರ ಓಡುವುದನ್ನು ನೀವು ನೋಡಿಲ್ಲದಿದ್ದರೆ ನನ್ನ ಭಯ ತಮಾಷೆ ಎನಿಸಬಹುದು. ಒಂದು ಬದಿಗೆ ವಾಲಿದ ದೊಡ್ಡ ಜರಡಿ ಸದಾ ಅದುರುತ್ತಿರುತ್ತದೆ, ಕೆಳಗಿನಿಂದ ಗಾಳಿ ಊದುತ್ತಿರುತ್ತದೆ. ಭತ್ತ ಆ ಗಾಳಿಯ ಮೇಲೆ ತೇಲಿ, ನೀರಿನಂತೆ ಇಳಿಜಾರಿಗೆ ಹರಿಯುತ್ತದೆ. ಕಲ್ಲುಗಳು ಮಾತ್ರ ತಾವಾಗಿಯೇ ಏರು ಹತ್ತುತ್ತವೆ. ನಾನು ಮಾನ್ವಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು, ಇದಕ್ಕೆ ಕಾರಣ ಹೇಳಬಲ್ಲೆ. ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ, ಅಷ್ಟೆ.

ನಾನು ರಾಯಚೂರಿನ ಆ ಗಿರಣಿಗೆ ಹೋದದ್ದು ತಾಳಿ ಹುಡುಕಲು. ಮನೆಯಲ್ಲಿ ನಾವಿಬ್ಬರೂ ಭತ್ತದ ಚೀಲಗಳ ಬಾಯಿ ಹೊಲಿಯುತ್ತಿದ್ದಾಗ ನನ್ನ ಗಂಡನಿಗೆ ಉಸಿರು ಕಟ್ಟಿತು. ಎದ್ದೆವೋ ಬಿದ್ದೆವೋ ಎಂದು ರಾಯಚೂರಿನ ಆಸ್ಪತ್ರೆಗೆ ಒಯ್ದೆವು. ನ್ಯುಮೋನಿಯಾ ಎಂದರು, ಬಾಯಿಗೆ ಪೈಪ್ ಹಾಕಿ ಯಂತ್ರದ ಗಾಳಿ ಕೊಟ್ಟರು. ಕೊರಳು ಮುಟ್ಟಿ ನೋಡಿಕೊಂಡದ್ದು ಆಮೇಲೆ. ದಾರ ಹರಿದಿತ್ತು, ಕರಿಮಣಿಗಳೂ ತಾಳಿಯ ಎರಡು ಚಿನ್ನದ ಬಟ್ಟಲುಗಳೂ ಇರಲಿಲ್ಲ. ಒಂದು ದೇವದುರ್ಗದ ನನ್ನ ತವರಿನದು, ಇನ್ನೊಂದು ಗಂಡನ ಮನೆಯದು. ಮನೆಯೆಲ್ಲ ಹುಡುಕಿಸಿದೆವು, ಸಿಗಲಿಲ್ಲ. ಬಾಯಿ ತೆರೆದಿದ್ದ ಚೀಲಗಳಿಗೇ ಬಿದ್ದಿರಬೇಕು, ಅವು ಆಗಲೇ ಗಿರಣಿ ಸೇರಿದ್ದವು.

ಅತ್ತೆ ನನ್ನ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದರು. ನಾಳೆ ಪೈಪ್ ತೆಗೆದು, ತಾವೇ ಉಸಿರಾಡುತ್ತಾರೋ ನೋಡುತ್ತೇವೆ ಎಂದು ಡಾಕ್ಟರು ಹೇಳಿದಾಗ ಅತ್ತೆ ನನ್ನತ್ತ ತಿರುಗಿದರು.

“ಪೈಪ್ ತೆಗಿಯೋದ್ರೊಳಗ ಅವು ನಿನ್ನ ಕೊರಳಾಗ ಇರ್ಬೇಕು ನೋಡ್.”

ಸಿಟ್ಟು ನೆತ್ತಿಗೇರಿತು. ಶ್ವಾಸಕೋಶಕ್ಕೂ ಚಿನ್ನಕ್ಕೂ ಏನು ಸಂಬಂಧ? ಆದರೂ ಬೆಳಿಗ್ಗೆ ಎದ್ದು ಆಟೋ ಹತ್ತಿದೆ.

ಗಿರಣಿಯ ಯಂತ್ರ ನೋಡಿಕೊಳ್ಳುವ ಸಾಹೇಬರು ನಮ್ಮ ಚೀಲಗಳನ್ನಷ್ಟೇ ಬೇರೆಯಾಗಿ ಸುರಿದರು. ಮೊದಲು ಕಲ್ಲುಗಳು ಹತ್ತಿ ಬಂದವು. ಹಿಂದೆಯೇ ಕರಿಮಣಿಗಳು, ಒಂದರ ಪಕ್ಕ ಒಂದು ಗುಂಪುಗೂಡಿಕೊಂಡು. ಅವುಗಳ ಜೊತೆ, ಕಲ್ಲಿನಷ್ಟೇ ಭಾರವಾಗಿ, ತವರಿನ ಬಟ್ಟಲು. ಅದನ್ನು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳು ಎಂದು ವರ್ಷಗಟ್ಟಲೆ ಆಡಿಕೊಂಡ ಅತ್ತೆ ಅಲ್ಲಿರಬೇಕಿತ್ತು ಎಂದು ಆ ಹೊತ್ತಿನಲ್ಲೂ ಅನಿಸಿತು.

ಗಂಡನ ಮನೆಯದು ಕೊನೆಯ ಚೀಲದಲ್ಲಿ ಕಾಣಿಸಿತು. ಬೋರಲು ಬಿದ್ದಿತ್ತು, ಒಳಗೆ ಗಾಳಿ ತುಂಬಿಕೊಂಡು ಜರಡಿಯ ನಟ್ಟನಡುವೆ ನಿಂತು ಮೆಲ್ಲಗೆ ತಿರುಗುತ್ತಿತ್ತು. ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಭತ್ತದ ಕಾಳುಗಳು ಹಿಂಡುಹಿಂಡಾಗಿ ಅದರವರೆಗೆ ಬಂದು, ಮುಟ್ಟದೆ ಎರಡು ಪಾಲಾಗಿ ಹಾದುಹೋಗುತ್ತಿದ್ದವು. ಸುತ್ತ ಒಂದು ಬರಿದಾದ ಜಾಗ ಉಳಿದಿತ್ತು. ಆಸ್ಪತ್ರೆಯಲ್ಲಿ ಗಂಡನ ಮಂಚದ ಸುತ್ತಲೂ ಜನ ಹೀಗೆಯೇ ಮುಟ್ಟದೆ ಬಂದು ಹೋಗುತ್ತಿದ್ದರು.

“ಬಂದ್ ಮಾಡ್ಲೇನ್ರೀ ಅಕ್ಕಾರ? ನಿಂದ್ರಿಸಿದ್ರ ಕೈಗೆ ಸಿಗ್ತದ,” ಎಂದರು ಸಾಹೇಬರು.

ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಇನ್ನೊಂದು ಯಂತ್ರವನ್ನು ನಿಲ್ಲಿಸುತ್ತಿರಬಹುದು. ಇಲ್ಲಿ ಗಾಳಿ ನಿಂತರೆ ಅಲ್ಲೂ ನಿಲ್ಲುತ್ತದೆ ಎಂದು ನಾನು, ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಹೇಳುವವಳು, ಸಂಪೂರ್ಣವಾಗಿ ನಂಬಿದ್ದೆ. ಕೈಯಲ್ಲಿ ಮೊಬೈಲ್ ನಡುಗತೊಡಗಿತು. ಮೈದುನನ ಹೆಸರು ಕಂಡಿತು. ಎತ್ತಲಿಲ್ಲ. ಅದು ನಿಂತು, ಮತ್ತೆ ನಡುಗಿತು.

“ಬಂದ್ ಮಾಡ್ರಿ,” ಎಂದೆ ಕಡೆಗೆ.

ಗಾಳಿ ನಿಂತಿತು. ಇಡೀ ಭತ್ತ ಒಂದು ನಿಟ್ಟುಸಿರಿನ ಸದ್ದು ಮಾಡಿ ಕುಸಿದು ಕೂತಿತು. ಬಟ್ಟಲು ಅದರೊಳಗೆ ಮುಳುಗಿತು. ಫೋನ್ ಕಿವಿಗಿಟ್ಟೆ.

“ಪೈಪ್ ತೆಗದಾರ ಅತ್ತಿಗಿ. ಅಣ್ಣ ತಾನ ಉಸಿರಾಡಾಕತ್ತಾನ.”

ಅಲ್ಲೇ ಚೀಲಗಳ ಮೇಲೆ ಕುಳಿತು ಅತ್ತುಬಿಟ್ಟೆ. ಸಾಹೇಬರು ಭತ್ತ ಕೆದಕಿ ಬಟ್ಟಲು ತೆಗೆದುಕೊಟ್ಟರು.

ಗಂಡ ಮನೆಗೆ ಬಂದು ತಿಂಗಳುಗಳಾದವು. ಊಟ, ತಿರುಗಾಟ ಎಲ್ಲ ಮೊದಲಿನಂತೆಯೇ. ಈಚೆಗೆ ಒಂದು ಮಧ್ಯಾಹ್ನ ಮಲಗಿದ್ದವರು, ಚಳಿ ಆಗಾಕತ್ತದ, ಫ್ಯಾನ್ ಬಂದ್ ಮಾಡು ಎಂದರು. ಸ್ವಿಚ್ಚಿನವರೆಗೆ ಹೋದೆ. ಅವರ ಎದೆ ಏಳುವುದನ್ನೇ ನೋಡುತ್ತ ನಿಂತೆ. ಆಮೇಲೆ ಸ್ವಿಚ್ ಮುಟ್ಟದೆ ಕಂಬಳಿ ತಂದು ಹೊದಿಸಿದೆ.