ತಮ್ಮನ ಉದ್ಯೋಗ
ಸೂರತ್ತಿನ ನಮ್ಮ ಉಡುಪಿ ಹೋಟೆಲಿನಲ್ಲಿ ಅಡುಗೆ ನನ್ನದು. ತಮ್ಮ ಗೋಲ್‌ಕೀಪರ್, ಆಫ್ರಿಕಾದಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದು ಆಡುವವನು. ಒಮ್ಮೆ ಅವನ ಪಾಸ್‌ಪೋರ್ಟ್ ಅರ್ಜಿಗೆ ಸಾಕ್ಷಿಯಾಗಿ ಅಹಮದಾಬಾದಿಗೆ ಹೋಗಿದ್ದೆ.

ಕಚೇರಿಯ ಗುಮಾಸ್ತರು ಗಟ್ಟಿಯಾಗಿ ಹೇಳಿಕೊಳ್ಳುತ್ತ, ತಮ್ಮನ ಅರ್ಜಿಯಲ್ಲಿ "ಉದ್ಯೋಗ: ಅಡುಗೆಯವ" ಎಂದು ಬರೆದರು. ಅದು ಅವನನ್ನು ಆಡಲು ಕರೆದ ಕ್ಲಬ್ಬಿನ ಪತ್ರಕ್ಕೆ ತಾಳೆಯಾಗದಿದ್ದರೆ ಅವನ ಪ್ರಯಾಣವೇ ನಿಲ್ಲುತ್ತಿತ್ತು.

"ಇವನು ಗೋಲ್‌ಕೀಪರ್" ಎಂದೆ.

"ಉಡುಪಿಯವರು ಅಡುಗೆ ಬಿಟ್ಟು ಇನ್ನೇನು ಮಾಡುತ್ತಾರೆ, ಬೆಹನ್?" ಎಂದು ನಕ್ಕರು.

ಸುಟ್ಟ ಕಲೆಗಳಿದ್ದ ನನ್ನ ಕೈಗಳನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತಮ್ಮನ ಸೊಟ್ಟ ಬೆರಳುಗಳನ್ನೂ ಇಡಿಸಿದೆ.

"ಅಡುಗೆಯವರ ಕೈ ಇದು, ಭಾಯಿ. ಅದು ಚೆಂಡು ತಡೆದ ಕೈ."

ಅವರು "ಗೋಲ್‌ಕೀಪರ್" ಎಂದು ತಿದ್ದಿದರು. ಆದರೆ ಸಾಕ್ಷಿಯ ಉದ್ಯೋಗಕ್ಕೆ, ನನ್ನನ್ನು ಕೇಳದೆಯೇ, "ಏನೂ ಇಲ್ಲ" ಎಂದು ಬರೆದುಕೊಂಡರು. ಲೇಖನಿ ಕೇಳಿ ಪಡೆದು, ಅದನ್ನು ಹೊಡೆದುಹಾಕಿ, ಕನ್ನಡದಲ್ಲಿಯೇ "ಅಡುಗೆ" ಎಂದು ಬರೆದೆ. ಕನ್ನಡ ಓದಲು ಬಾರದಿದ್ದರೂ ಅವರು ಮೊಹರು ಒತ್ತಿದರು.